ಮಗಳಿಗೊಂದು ಪತ್ರ: ಕಲ್ಲಿನ ರಥದ ಮುಂದೆ ನೆಲಕ್ಕೆ ಕುಳಿತುಕೋ

ಚಿರಂಜೀವಿ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಹಂಪಿಯಿಂದ ನೀನು ಕಳುಹಿಸಿದ ಚಿತ್ರಗಳನ್ನು ನಿನ್ನೆ ರಾತ್ರಿ ಊಟವಾದ ಮೇಲೆ ನಾನೂ ಅಮ್ಮನೂ ಒಂದೊಂದಾಗಿ ನೋಡಿದೆವು. ಕಲ್ಲಿನ ರಥದ್ದೇ 17 ಇವೆ. ಅಷ್ಟರಲ್ಲೂ ರಥ ನಟ್ಟನಡುವೆ, ಸುತ್ತ ಜನ, ಮೇಲೆ ಬಿಳುಚಿದ ಆಕಾಶ. 50 ರೂಪಾಯಿ ನೋಟಿನ ಮೇಲೆ ಎಲ್ಲರೂ ಕಂಡ ರಥ ಅದು. ನೀನು ಕಂಡ ರಥ ಯಾವುದೆಂದು ನನಗಿನ್ನೂ ತಿಳಿಯಲಿಲ್ಲ. ಬೇಸರ ಮಾಡಿಕೊಳ್ಳಬೇಡ, ಕಂದ.

ನಾನು ಚಿತ್ರ ತೆಗೆಯಲು ಕಲಿತ ಕಾಲದಲ್ಲಿ ಒಂದು ಫಿಲ್ಮ್ ರೋಲಿಗೆ 36 ಚಿತ್ರ. ತೊಳೆಸಿ ತರುವವರೆಗೆ ಏನು ಬಂದಿದೆಯೆಂದು ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಗುಂಡಿ ಒತ್ತುವ ಮೊದಲು ನಾಲ್ಕೂ ಅಂಚುಗಳ ಮೇಲೆ ಕಣ್ಣಾಡಿಸುವುದು ಅಭ್ಯಾಸವಾಯಿತು. ಯಾವ ಕಂಬ ಅರ್ಧಕ್ಕೆ ತುಂಡಾಗಿದೆ, ಯಾರ ತಲೆಯ ಮೇಲೆ ಮರ ಬೆಳೆದಂತಿದೆ, ಯಾವುದನ್ನು ಬಿಡಬಹುದು? ಕಂಪೋಸಿಷನ್, ಅಂದರೆ ಚೌಕಟ್ಟಿನೊಳಗೆ ಯಾವುದು ಎಲ್ಲಿರಬೇಕೆಂದು ಜೋಡಿಸುವುದು, ನನ್ನ ಮಟ್ಟಿಗೆ ಹೆಚ್ಚಿನ ಪಾಲು ಬಿಡುವ ಕೆಲಸವೇ. ಜೂಮ್‌ಗೆ ಕೈ ಹಾಕುವ ಮೊದಲು ನಾಲ್ಕು ಹೆಜ್ಜೆ ಅತ್ತಿತ್ತ ನಡೆದು ನೋಡು.

ನಾಳೆ ಬೆಳಿಗ್ಗೆ ರಥವಿರುವ ದೇವಸ್ಥಾನದ ಬಾಗಿಲು ತೆರೆಯುತ್ತಲೇ ಹೋಗು. ಅಡ್ಡಗಟ್ಟಿದ್ದರೆ ಅದರ ಈಚೆಗೇ, ರಥದ ಮುಂದಿನ ಕಲ್ಲಾನೆಗಳ ಕಣ್ಣಿನ ಮಟ್ಟಕ್ಕೆ, ನೆಲದ ಮೇಲೆ ಕುಳಿತುಕೋ. ಆನೆ ದೊಡ್ಡದಾಗುತ್ತದೆ, ರಥ ಆಕಾಶಕ್ಕೆ ಏರುತ್ತದೆ, ಹಿಂದಿನ ಗದ್ದಲ ಅರ್ಧ ಮರೆಯಾಗುತ್ತದೆ. ಇಲ್ಲವೇ ರಥವನ್ನೇ ಬಿಟ್ಟು ಒಂದು ಚಕ್ರವನ್ನಷ್ಟೇ ತೆಗೆ. ಓರೆ ಬೆಳಕಿನಲ್ಲಿ ಅದರ ಕೆತ್ತನೆ ಉಬ್ಬಿ ಕಾಣುತ್ತದೆ.

ಮೊಬೈಲಿನಲ್ಲಿ ಗ್ರಿಡ್ ಹಾಕಿಕೋ, ಪರದೆಯನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಮೂರು ಪಾಲು ಮಾಡುವ ಗೆರೆಗಳು ಮೂಡುತ್ತವೆ. ತುಂಗಭದ್ರೆಯ ದಡದಲ್ಲಿ ಮೋಡ ಚೆನ್ನಾಗಿದ್ದರೆ ಕ್ಷಿತಿಜವನ್ನು ಕೆಳಗಿನ ಗೆರೆಗೆ ಕೂರಿಸು, ಬಂಡೆ ಮತ್ತು ನೀರು ಚೆನ್ನಾಗಿದ್ದರೆ ಮೇಲಿನ ಗೆರೆಗೆ. ಹರಿಗೋಲು ಸಾಗುವ ಕಡೆಗೆ ಒಂದಿಷ್ಟು ಜಾಗ ಬಿಡು. ಆದರೆ ಬೀದಿಯ ಆ ತುದಿಯ ದೊಡ್ಡ ಕಲ್ಲಿನ ನಂದಿ, ಎದುರು ಬಸವಣ್ಣನ ಬಳಿಯಿಂದ ವಿರೂಪಾಕ್ಷನ ಗೋಪುರವನ್ನು ತೆಗೆಯುವಾಗ ಈ ಗೆರೆಗಳನ್ನು ಮರೆತುಬಿಡು. ಅಲ್ಲಿ ಬೀದಿಯ ಎರಡೂ ಬದಿಯ ಮಂಟಪಗಳ ಸಾಲು ಕಣ್ಣನ್ನು ನೇರವಾಗಿ ಗೋಪುರಕ್ಕೆ ಒಯ್ಯುತ್ತದೆ. ಅದು ನಡುವೆಯೇ ಇರಬೇಕು. ಕಟ್ಟಿದವರೇ ಚೌಕಟ್ಟು ಹಾಕಿಟ್ಟಿದ್ದಾರೆ.

ಅದೇ ದೇವಸ್ಥಾನದ ಹಿಂಬದಿಯ ಕತ್ತಲಲ್ಲಿ, ಸಣ್ಣ ಕಿಂಡಿಯಿಂದ ಬಂದ ಬೆಳಕು ಗೋಡೆಯ ಮೇಲೆ ಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಕ್ಯಾಮೆರಾದೊಳಗೆ ನಡೆಯುವುದೂ ಅದೇ. ಅಲ್ಲಿ ಮೊಬೈಲ್ ಚೀಲದಲ್ಲಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲು.

ನಾಳೆ 36ಕ್ಕಿಂತ ಹೆಚ್ಚು ತೆಗೆಯಬೇಡ. ಮೂರನ್ನು ಮಾತ್ರ ಆರಿಸಿ ಕಳುಹಿಸು. ಅಮ್ಮನಿಗೆ ನಿನ್ನ ಮುಖವಿರುವ ನಾಲ್ಕನೆಯದೊಂದು ಬೇಕಂತೆ.

ಇಂತಿ,
ನಿನ್ನ ಅಪ್ಪ