ವಿದೇಶಿ ಮಕ್ಕಳು ಮನೆಗೆ ಬರುವ ಮುನ್ನ

ಮಾನ್ಯರೆ,

ಸಾಂಸ್ಕೃತಿಕ ವಿನಿಮಯಕ್ಕೆ ಬರುವ ವಿದೇಶಿ ವಿದ್ಯಾರ್ಥಿಗಳನ್ನು ಮನೆಯಲ್ಲಿ ಇಳಿಸಿಕೊಳ್ಳಲು ಒಪ್ಪುವ ಪಾಲಕರಿಗೆ ಶಾಲೆಗಳು ಮೊದಲು ಹೇಳಬೇಕಾದದ್ದು ಕಾಗದಪತ್ರದ ವಿಷಯ. ಸ್ವಾಗತದ ಬ್ಯಾನರ್‌ ಆಮೇಲೆ. ವಿದೇಶಿಯರು ಬಂದ 24 ಗಂಟೆಯೊಳಗೆ ಅವರ ಮಾಹಿತಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ರೂಢಿಯಲ್ಲಿ ಇದು ‘ಸಿ ಫಾರ್ಮ್’. ಲಾಡ್ಜ್‌ಗಳಿಗಷ್ಟೇ ಅಲ್ಲ, ಮನೆಗಳಿಗೂ ಇದು ಅನ್ವಯ. ಬಂದ ದಿನ ಲಾಗಿನ್ ಐಡಿಗೆ ಓಡಾಡಿದರೆ ಗಡುವು ಮೀರುತ್ತದೆ. ಮೊದಲೇ ಐಡಿ ಪಡೆದು, ಪಾಸ್‌ಪೋರ್ಟ್, ವೀಸಾ ಪ್ರತಿ ತರಿಸಿಟ್ಟುಕೊಳ್ಳಬೇಕು.

ಊಟದಲ್ಲಿ ಎಲ್ಲರೂ ಖಾರಕ್ಕೆ ಹೆದರುತ್ತಾರೆ. ನಮ್ಮ ಕಡೆ ನಿಜವಾದ ಅಪಾಯ ಶೇಂಗಾ. ಹಿಂಡಿ, ಎಣ್ಣೆಗಾಯಿ, ಹೋಳಿಗೆ, ಎಲ್ಲಿ ನೋಡಿದರೂ ಅದೇ. ಅಲರ್ಜಿ ಇದ್ದ ಮಗುವಿಗೆ ಒಂದು ಚಿಟಿಕೆಯೂ ಉಸಿರು ಕಟ್ಟಿಸಬಹುದು. ಅಲರ್ಜಿ ಇದೆಯೇ ಎಂದು ಕೇಳಿ, ಮಗುವಿನ ಪಾಲಕರಿಂದ ಬರಹದಲ್ಲೇ ಉತ್ತರ ಪಡೆಯಿರಿ. ಅಲರ್ಜಿ ಉಲ್ಬಣಿಸಿದಾಗ ಕೊಡುವ ಅಡ್ರಿನಲಿನ್ ಚುಚ್ಚುಮದ್ದು ತಂದಿದ್ದರೆ ಅದು ಎಲ್ಲಿದೆ, ಹೇಗೆ ಕೊಡಬೇಕು ಎಂಬುದು ಮನೆಯವರಿಗೆ ಗೊತ್ತಿರಲಿ. ಹಲ್ಲುಜ್ಜಲೂ ಕುದಿಸಿ ಆರಿಸಿದ ನೀರೇ ಆಗಬೇಕು.

ಗೋಳಗುಮ್ಮಟದಲ್ಲಿ 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ಅದಕ್ಕಿಂತ ದೊಡ್ಡವರಿಗೆ ವಿದೇಶಿ ದರ. ವಯಸ್ಸಿನ ದಾಖಲೆ ಒಯ್ಯಿರಿ. ಪಿಸುಮಾತೂ ಆಚೆ ಬದಿಗೆ ಕೇಳುವ ಮೇಲಿನ ಗ್ಯಾಲರಿಗೆ ನಸುಕಿನಲ್ಲೇ ಹತ್ತಿಸಿ. ಆಮೇಲೆ ನಮ್ಮವರ ಕೂಗಾಟದಲ್ಲಿ ಪಿಸುಮಾತು ಎಲ್ಲಿ ಕೇಳೀತು?

– ಇಬ್ಬರು ಶಿಕ್ಷಕರು, ವಿಜಯಪುರ