ಗೆಳೆಯನಿಗೊಂದು ಪತ್ರ: ನಾಲ್ಕು ಎಲೆ ಉಳಿದಿದ್ದವು

ಬಂಟ್ವಾಳ
14 ಸೆಪ್ಟೆಂಬರ್ 2025

ಪ್ರೀತಿಯ ಗೆಳೆಯಾ,

ಈ ಪತ್ರದ ಜೊತೆ ಒಂದು ಸಣ್ಣ ಕಾಗದದ ಪೊಟ್ಟಣ ಉಂಟು, ಕಸ ಅಂತ ಬಿಸಾಡಬೇಡ ಮಾರಾಯಾ. ಒಳಗಿರುವುದು ಭತ್ತದ ಏಳು ಕಾಳು. ತೆನೆ ಹಬ್ಬದ ದಿನ ಚರ್ಚಿನಲ್ಲಿ ಆಶೀರ್ವಾದವಾದ ತೆನೆಯಿಂದ ಬಿಡಿಸಿದ್ದು. ದೂರದಲ್ಲಿರುವ ಮನೆಯವರಿಗೆ ಹೀಗೆ ಲಕೋಟೆಯಲ್ಲಿ ಕಾಳು ಕಳಿಸುವುದು ನಮ್ಮಲ್ಲಿ ರೂಢಿ. ಮುಂಬಯಿಗೆ, ದುಬೈಗೆ, ಕುವೈತಿಗೆ ಹೋಗುತ್ತದೆ. ಧಾರವಾಡಕ್ಕೆ ಇದೇ ಮೊದಲು. ಅಮ್ಮನೇ ಎಣಿಸಿ ಕೊಟ್ಟರು. "ಆ ಹುಡುಗನಿಗೂ ಕಳಿಸು, ನಮ್ಮ ಡಬ್ಬಿ ಅವನ ಹತ್ತಿರ ಉಂಟು" ಎಂದರು. ನಿನಗೀಗ ನಲವತ್ತಾರು, ತಲೆ ಅರ್ಧ ಬೋಳು. ಅಮ್ಮನ ಲೆಕ್ಕಕ್ಕೆ ಮಾತ್ರ ಇನ್ನೂ ಹುಡುಗ.

ನೀನು ಬಂದಿದ್ದು 2017ರಲ್ಲಿ. ವರ್ಗವಾಗಿ ಹೊರಡುವ ಮುಂಚಿನ ಹಬ್ಬ. "ನಿಮ್ಮ ಮನಿಯೊಳಗ ನಾ ಎಲಿ ಮುಂದ ಕೂಡೂ ದಿನ ವರ್ಷಕ್ಕ ಒಂದss ನೋಡಪಾ" ಅಂತ ನಗುತ್ತಾ ಕೂತಿದ್ದೆ. ನಿಜವೇ. ಮೀನು, ಕೋಳಿ, ಹಂದಿ ಯಾವುದೂ ಇಲ್ಲದೆ ನಾವು ಹಬ್ಬ ಅಂತ ಉಣ್ಣುವುದು ಸೆಪ್ಟೆಂಬರ್ 8ರಂದು ಮಾತ್ರ. ಶುಭ ಶುಕ್ರವಾರವೂ ಸಸ್ಯಾಹಾರವೇ, ಆದರೆ ಅವತ್ತು ಗಂಜಿ-ಚಟ್ನಿ. ಅದಕ್ಕೆ ಯಾರನ್ನು ಕರೆಯುವುದು?

ಆ ದಿನ ನೀನು ಕೇಳಿದ ಪ್ರಶ್ನೆಗೆ ನಾನು ಸರಿಯಾಗಿ ಉತ್ತರ ಕೊಟ್ಟಿರಲಿಲ್ಲ. ಮಾತೆ ಮರಿಯಳ ಹುಟ್ಟುಹಬ್ಬಕ್ಕೂ ಭತ್ತದ ತೆನೆಗೂ ಏನು ಸಂಬಂಧ ಅಂತ ಕೇಳಿದ್ದೆ. ಶಾಸ್ತ್ರದಲ್ಲಿ ಸಂಬಂಧ ಹುಡುಕಿದರೆ ಸಿಕ್ಕುವುದಿಲ್ಲ, ಗದ್ದೆಯಲ್ಲಿ ಹುಡುಕಬೇಕು. ಕರಾವಳಿಯಲ್ಲಿ ಮಳೆಯ ಜೋರು ತಗ್ಗಿ ಮೊದಲ ತೆನೆ ಕಾಣುವ ಹೊತ್ತೂ ಆ ಹಬ್ಬದ ಹೊತ್ತೂ ಒಂದೇ. ತುಳುವರ ಮನೆಗಳಲ್ಲಿ ಕುರಲ್, ಅಂದರೆ ತೆನೆ, ತಂದು ಕಟ್ಟುತ್ತಾರೆ, ಪುದ್ವಾರ್ ಅಂತ ಹೊಸ ಅಕ್ಕಿ ಊಟ ಮಾಡುತ್ತಾರೆ. ಅದೇ ಮಣ್ಣಿನಲ್ಲಿ ಉಳುತ್ತಿದ್ದ ನಮ್ಮ ಕೊಂಕಣಿ ಕ್ಯಾಥೊಲಿಕರು ತಮ್ಮ ತೆನೆಯನ್ನು ತಾಯಿಯ ಪಾದಕ್ಕೆ ಒಯ್ದರು, ಅಷ್ಟೆ. ನಮ್ಮಲ್ಲಿಂದ ಹತ್ತಿರದ ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ ಫಾದರ್ ಜೋಕಿಂ ಮಿರಾಂದ ಎಂಬವರು 1763ರಲ್ಲಿ ಇದನ್ನು ಶುರು ಮಾಡಿದರೆಂದು ಹಿರಿಯರು ಹೇಳುತ್ತಾರೆ. ಪೋರ್ಚುಗೀಸಿನಲ್ಲಿ ಮೊಂತೆ ಎಂದರೆ ಬೆಟ್ಟ. ಈ ಹಬ್ಬದ ಕೊಂಕಣಿ ಹೆಸರು 'ಮೊಂತಿ ಫೆಸ್ತ್' ಅಲ್ಲಿಂದಲೇ ಬಂದದ್ದು. ಇಪ್ಪತ್ತೊಂದು ವರ್ಷ ಕಳೆದು 1784ರಲ್ಲಿ ಟಿಪ್ಪು ನಮ್ಮವರನ್ನು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ. ಬದುಕಿ ಉಳಿದವರು ಊರಿಗೆ ಮರಳಿದ್ದು 1799ರ ನಂತರ. ಬಂದವರು ಮತ್ತೆ ಗದ್ದೆಗಿಳಿದರು, ಮತ್ತೆ ತೆನೆ ಹೊತ್ತರು. ನಾನು? ನನ್ನ ಅಪ್ಪನ ಗದ್ದೆಯಲ್ಲಿ ಈಗ ಅಡಿಕೆ. ಹಬ್ಬಕ್ಕೆ ಬೇಕಾದ ತೆನೆ ಚರ್ಚಿನವರು ಬೇರೆ ಊರಿನ ಗದ್ದೆಯಿಂದ ತರಿಸಿದ್ದು.

ಇಷ್ಟು ಪೀಠಿಕೆ ಸಾಕು. ಈ ಸಲದ ಕಥೆ ಹೇಳಲಿಕ್ಕೆ ಕೂತಿದ್ದೇನೆ.

ಅಮ್ಮನಿಗೆ ಮೊಣಕಾಲು ನೋವು, ನಿಂತು ಅಡುಗೆ ಮಾಡಲಿಕ್ಕೆ ಆಗುವುದಿಲ್ಲ. ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಹುಕುಂ ಕೊಡುತ್ತಾರೆ. ಹೆಂಡತಿಗೆ ಹಬ್ಬದ ಹಿಂದಿನ ದಿನವೂ ಡ್ಯೂಟಿ. ಹಾಗಾಗಿ ಒಲೆ ನನ್ನ ಪಾಲಿಗೆ ಬಂತು. ಬಾಂಬೆಯಿಂದ ಅಣ್ಣನ ಸಂಸಾರ ನಾಲ್ಕು ಜನ, ಅತ್ತೆ ಮತ್ತು ಅವರ ಮಗ, ನಾವು ಐದು ಜನ. ಹನ್ನೊಂದು ಎಲೆ. ತರಕಾರಿ ಬಗೆ ಬೆಸ ಸಂಖ್ಯೆಯಲ್ಲಿರಬೇಕಲ್ಲ, ನಾನು ಏಳು ಸಾಕು ಎಂದೆ. ಅಮ್ಮ ಒಂಬತ್ತು ಎಂದರು. ಒಂಬತ್ತೇ ಆಯಿತು: ಬೆಂಡೆ, ಹೀರೆ, ಅಲಸಂಡೆ, ಗೇರುಬೀಜ ಹಾಕಿದ ತೊಂಡೆ, ಹಾಗಲ, ಪಡುವಲ, ಹರಿವೆ, ಸೌತೆ, ಮತ್ತೆ ಆಳ್ವಾತಿ.

ಆಳ್ವಾತಿಯ ವಿಷಯ ಸ್ವಲ್ಪ ಹೇಳಬೇಕು, ಯಾಕೆಂದರೆ ಅಲ್ಲಿಯೇ ನನ್ನ ಗುಟ್ಟು ರಟ್ಟಾಗಿದ್ದು. ಕೆಸುವಿನ ಎಲೆಯ ನಾರು ತೆಗೆದು, ಸುತ್ತಿ, ಒಂದೊಂದಕ್ಕೂ ಗಂಟು ಹಾಕಬೇಕು. ತೆಂಗಿನಕಾಯಿ ಮಸಾಲೆಯಲ್ಲಿ ಅಂಬಟೆಕಾಯಿ ಜಜ್ಜಿ ಹಾಕಿ ಬೇಯಿಸಬೇಕು. ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ, ಚೆನ್ನಾಗಿ ಬೇಯಿಸಿ ಹುಳಿ ಬೀಳದಿದ್ದರೆ ಗಂಟಲು ಕೆರೆದು ಕೊಲ್ಲುತ್ತದೆ. ಅಮ್ಮ ಹತ್ತು ಅಂಬಟೆ ಎಂದಿದ್ದರು. ಪೇಟೆಯಲ್ಲಿ ನನಗೆ ಸಿಕ್ಕಿದ್ದು ನಾಲ್ಕು. ಸಾಕಾದೀತು ಎಂದುಕೊಂಡೆ, ಅಮ್ಮನಿಗೆ ಹೇಳಲಿಲ್ಲ.

ಹಿಂದಿನ ರಾತ್ರಿ ಒಂಬತ್ತಕ್ಕೆ ಅಣ್ಣನ ಫೋನ್. ಹೊಸ ಫ್ಲಾಟಿನ ರಿಜಿಸ್ಟ್ರೇಷನ್ ಸೋಮವಾರವೇ ಇಟ್ಟಿದ್ದಾರಂತೆ, ಬರಲಿಕ್ಕಾಗುವುದಿಲ್ಲ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೆಂಡತಿ ನನ್ನ ಮುಖ ನೋಡಿ "ನೀವೀಗ ಥೇಟ್ ಮಾರ್ತಾ" ಎಂದಳು. ಮಾರ್ತಾ ಯಾರೆಂದರೆ, ಯೇಸುಸ್ವಾಮಿ ಮನೆಗೆ ಬಂದಾಗ ಅಡುಗೆಮನೆಯಲ್ಲಿ ಬೆವರುತ್ತಾ, ತಂಗಿ ಕೆಲಸಕ್ಕೆ ಕೈ ಹಾಕುತ್ತಿಲ್ಲ ಎಂದು ದೂರು ಕೊಟ್ಟವಳು. ನಾನಂತೂ ಪಾತ್ರೆ ಕುಕ್ಕುತ್ತಾ ಓಡಾಡಿದೆ. ಅತಿಥಿಗಳ ಮೇಲಿನ ಪ್ರೀತಿಯಿಂದ ಅಡುಗೆ ಮಾಡುತ್ತಿದ್ದೇನೆ ಎಂದುಕೊಂಡಿದ್ದೆನಲ್ಲ. ಅಣ್ಣನ ಎದುರು ಒಂಬತ್ತು ಬಗೆ ಬಡಿಸಿ ಭೇಷ್ ಎನಿಸಿಕೊಳ್ಳುವ ಆಸೆಯೇ ಹೆಚ್ಚಿತ್ತು ಎಂದು ಆಗ ಗೊತ್ತಾಯಿತು.

ಮಲಗಿದಾಗ ಇನ್ನೊಂದು ನೆನಪಾಯಿತು. ಲೂಕನ ಶುಭಸಂದೇಶದಲ್ಲಿ ಯೇಸು ಒಂದು ಸಾಮತಿ, ಅಂದರೆ ದೃಷ್ಟಾಂತದ ಕಥೆ, ಹೇಳುತ್ತಾರೆ. ಒಬ್ಬ ದೊಡ್ಡ ಔತಣ ಮಾಡುತ್ತಾನೆ, ಕರೆದವರೆಲ್ಲ ನೆಪ ಹೇಳುತ್ತಾರೆ. ಒಬ್ಬ ಜಮೀನು ಕೊಂಡಿದ್ದೇನೆ, ಹೋಗಿ ನೋಡಬೇಕು ಎನ್ನುತ್ತಾನೆ. ಇನ್ನೊಬ್ಬ ಐದು ಜೋಡಿ ಎತ್ತು ಕೊಂಡಿದ್ದಾನೆ. ಮತ್ತೊಬ್ಬನಿಗೆ ಹೊಸ ಮದುವೆ. ಯಜಮಾನ ಸಿಟ್ಟಾಗಿ, ಬೀದಿಯಲ್ಲಿರುವ ಬಡವರನ್ನೂ ಕುಂಟರನ್ನೂ ಕುರುಡರನ್ನೂ ಕರೆದು ತರಲು ಆಳನ್ನು ಅಟ್ಟುತ್ತಾನೆ. ಜಮೀನು ಕೊಂಡವನ ಜಾಗಕ್ಕೆ ಫ್ಲಾಟ್ ಕೊಂಡವನನ್ನು ಇಟ್ಟರೆ ನಮ್ಮದೇ ಮನೆ! ನನಗೆ ನಗು ಬಂತು, ಜೊತೆಗೆ ಒಳ್ಳೆಯ ಐಡಿಯಾವೂ ಬಂತು.

ಪಕ್ಕದ ಅಡಿಕೆ ತೋಟದ ಶೆಡ್ಡಿನಲ್ಲಿ ನಾಲ್ಕು ಹುಡುಗರಿದ್ದಾರೆ. ಎರಡು ವರ್ಷದಿಂದ ನಮ್ಮ ಬಾವಿಯಿಂದಲೇ ಕುಡಿಯುವ ನೀರು ಒಯ್ಯುತ್ತಾರೆ. ನಮ್ಮೂರಲ್ಲಿ ಅವರಿಗೆಲ್ಲ ಸೇರಿ ಒಂದೇ ಹೆಸರು, 'ಹಿಂದಿಯವರು'. ನಾಲ್ಕು ಎಲೆ ಉಳಿದಿವೆ, ನಾಲ್ಕು ಜನ ಇದ್ದಾರೆ. ಬೆಳಿಗ್ಗೆ ಹೋಗಿ ಕರೆದೆ. ಅಮ್ಮನಿಗೆ ಮನಸ್ಸಿರಲಿಲ್ಲ. ಊಟ ಯಾರಿಗೆ ಬೇಕಾದರೂ ಹಾಕು, ಆದರೆ ನೊವೆಂ ಮನೆಯವರಿಗೆ ಮಾತ್ರ ಎಂದರು. ನೊವೆಂ ಎಂದರೆ ಹೊಸತು, ಹೊಸ ಭತ್ತದ ಕಾಳು ಸುಲಿದು ಪುಡಿ ಮಾಡಿ ಹಾಲಿನಲ್ಲಿ ಬೆರೆಸಿದ್ದು. ಊಟಕ್ಕೆ ಮೊದಲು ಮನೆಯ ಹಿರಿಯರು ಒಬ್ಬೊಬ್ಬರಿಗೆ ಕೊಡುವುದು ಕ್ರಮ. ನಿನಗೆ 2017ರಲ್ಲಿ ಕೊಟ್ಟಿದ್ದರಲ್ಲ ಎಂದೆ. "ಅವನು ನಿನ್ನ ಗೆಳೆಯ. ಇವರ ಹೆಸರು ಗೊತ್ತುಂಟಾ ನಿನಗೆ?" ಅಂತ ಕೇಳಿದರು. ಗೊತ್ತಿರಲಿಲ್ಲ.

ಪೂಜೆ ಮುಗಿಸಿ ಬಂದು ಹನ್ನೊಂದು ಗಂಟೆಗೆ ಒಲೆಯ ಮುಂದೆ ನಿಂತಿದ್ದಾಗ ಆ ಹುಡುಗರಲ್ಲಿ ಒಬ್ಬ ಹಿತ್ತಲ ಬಾಗಿಲಲ್ಲಿ ಬಂದು ನಿಂತ. ಏನಾದರೂ ಕೆಲಸ ಇದ್ದರೆ ಹೇಳಿ, ಸುಮ್ಮನೆ ಬಂದು ಕೂತು ಉಣ್ಣಲಿಕ್ಕೆ ಸಂಕೋಚ ಎಂದ. ಒಲೆಯ ಮೇಲಿನ ಆಳ್ವಾತಿ ನೋಡಿ ಕಣ್ಣರಳಿಸಿದ. ನಮ್ಮಲ್ಲೂ ಕೆಸುವಿನೆಲೆ ಮಾಡುತ್ತಾರೆ ಎಂದ. ಅಂಗೈಗೆ ಒಂದು ತೊಟ್ಟು ರಸ ಹಾಕಿದೆ. ನೆಕ್ಕಿದವನೇ ಮುಖ ಕಿವಿಚಿ, ನಗು ತಡೆದುಕೊಂಡು, "ಖಟ್ಟಾ ಕಮ್ ಹೈ, ಭಯ್ಯಾ" ಎಂದ, ಹುಳಿ ಕಡಿಮೆಯಂತೆ. ಬಾಗಿಲ ಕುರ್ಚಿಯಿಂದ ಅಮ್ಮನ ದನಿ: "ಎಷ್ಟು ಅಂಬಟೆ ಹಾಕಿದ್ದಿ?"

ಕಳ್ಳ ಸಿಕ್ಕಿಬಿದ್ದ. ನಾನು ಹುಣಸೆಹುಳಿ ಹುಡುಕುವಷ್ಟರಲ್ಲಿ ಆ ಹುಡುಗ ಮಾಯ. ಹತ್ತು ನಿಮಿಷದಲ್ಲಿ ಅಂಗಿಯ ತುದಿಯಲ್ಲಿ ಒಂದು ರಾಶಿ ಅಂಬಟೆಕಾಯಿ ಕಟ್ಟಿಕೊಂಡು ಬಂದ. ಅವರ ಶೆಡ್ಡಿನ ಹಿಂದೆ, ತೋಡಿನ ಬದಿಯಲ್ಲಿ ಮರ ಉಂಟಂತೆ. ನಾನು ಹುಟ್ಟಿದ ಊರು ಇದು. ಆ ಮರವನ್ನು ನಾನು ನೋಡಿರಲಿಲ್ಲ. ಇಬ್ಬರೂ ನೆಲದ ಮೇಲೆ ಕೂತು ಅಂಬಟೆ ಜಜ್ಜಿದೆವು. ನನ್ನ ಹರಕು ಹಿಂದಿಯಲ್ಲಿ ಕೇಳುತ್ತಾ ಹೋದೆ. ಇಬ್ಬರು ಬಂಗಾಳದ ಮಾಲ್ದಾದವರು, ಮುಸ್ಲಿಮರು. ಇವನೂ ಇನ್ನೊಬ್ಬನೂ ಜಾರ್ಖಂಡಿನ ಸಿಮ್ಡೇಗಾದವರು. ಹಬ್ಬ ಏನು ಎಂದು ಕೇಳಿದ, ಹೊಸ ಭತ್ತದ್ದು ಎಂದೆ. ಒಂದು ಕ್ಷಣ ಅವನ ಕೈ ನಿಂತಿತು. ನಮ್ಮದು ನವಾಖಾನಿ, ಭಾದೋ, ಅಂದರೆ ಭಾದ್ರಪದ ತಿಂಗಳಲ್ಲಿ ಎಂದ. ಗುಡ್ಡದ ಮೇಲಿನ ಗೋಡಾ ಧಾನ್ ಎಂಬ ಭತ್ತ ಎಲ್ಲಕ್ಕಿಂತ ಮೊದಲು ಮಾಗುತ್ತದಂತೆ. ಅದನ್ನು ಹುರಿದು, ಕುಟ್ಟಿ, ಅವಲಕ್ಕಿ ಮಾಡಿ, ಹಿರಿಯರಿಗೆ ಎಡೆ ಇಟ್ಟು ಆಮೇಲೆ ತಿನ್ನುವುದು. ಎರಡು ವರ್ಷದಿಂದ ತಿಂದಿಲ್ಲ ಎಂದ. ಆಮೇಲೆ, ತೀರಾ ಸಾಮಾನ್ಯ ಮಾತಿನ ಹಾಗೆ, ನಮ್ಮೂರ ಚರ್ಚಿನಲ್ಲೂ ಆಶೀರ್ವಾದ ಮಾಡಿಸುತ್ತೇವೆ ಎಂದ.

ಕ್ಯಾಥೊಲಿಕ್ ಹುಡುಗ! ನಮ್ಮ ಚರ್ಚಿಗೇ ಬರುತ್ತಾನಂತೆ, ಕೊನೆಯ ಬೆಂಚಿನ ಹಿಂದೆ ನಿಂತು, ಪೂಜೆ ಮುಗಿಯುವ ಮುಂಚೆ ಕೆಲಸಕ್ಕೆ ಓಡುತ್ತಾನಂತೆ. ಎರಡು ವರ್ಷ ನಾನು ಅವನ ಮುಂದಿನ ಬೆಂಚುಗಳಲ್ಲಿ ಕೂತು, ಪಕ್ಕದವರತ್ತ ತಿರುಗಿ ಕೈಮುಗಿದು ಶಾಂತಿ ಹಾರೈಸಿ ಬಂದಿದ್ದೇನೆ. ನನಗೆ ನಾಚಿಕೆಯಾಗಿದ್ದು ಇದಕ್ಕೆ. ಹಾಗೆಂದು ಅವನು ನಮ್ಮವನೇ ಎಂದು ತಿಳಿದ ಮೇಲೆ ನಾಚಿಕೆಪಟ್ಟದ್ದೂ ಸರಿಯಲ್ಲ, ಅಲ್ವಾ? ಮಾಲ್ದಾದ ಹುಡುಗರ ಹೆಸರೂ ನನಗೆ ಗೊತ್ತಿರಲಿಲ್ಲ, ಅದಕ್ಕೆ ಯಾಕೆ ಅಷ್ಟು ಚುಚ್ಚಲಿಲ್ಲ? ಈ ಪ್ರಶ್ನೆ ಇನ್ನೂ ನನ್ನ ಹತ್ತಿರವೇ ಉಂಟು.

ಅಮ್ಮ ಎಲ್ಲ ಕೇಳಿಸಿಕೊಂಡಿದ್ದರು. ಊಟಕ್ಕೆ ಕೂತಾಗ ನೊವೆಂ ಬಟ್ಟಲು ಹಿಡಿದು, ಅತ್ತೆಗೆ ಕೊಟ್ಟ ಮೇಲೆ ನೇರ ಆ ನಾಲ್ವರ ಕಡೆ ತಿರುಗಿದರು. ಒಬ್ಬೊಬ್ಬನ ಹೆಸರು ಕೇಳಿ, ತಾವೂ ಒಮ್ಮೆ ಹೇಳಿ ನೋಡಿ, ಕೊಟ್ಟರು. ಮಾಲ್ದಾದವರು ಬಿಸ್ಮಿಲ್ಲಾ ಎಂದು ಕುಡಿದರು. ಸಿಮ್ಡೇಗಾದ ಹುಡುಗ ಎದ್ದು ನಿಂತು, ಶಿಲುಬೆಯ ಗುರುತು ಹಾಕಿ, ಎರಡೂ ಕೈ ಚಾಚಿ ತೆಗೆದುಕೊಂಡ. ಕುಡಿಯುವ ಮುಂಚೆ ಎರಡು ಹನಿ ಎಲೆಯ ಅಂಚಿನಲ್ಲಿ ಬಿಟ್ಟ. ಹಿರಿಯರಿಗಂತೆ. ಅಮ್ಮ ಗೋಡೆಯ ಮೇಲಿನ ಅಪ್ಪನ ಫೋಟೋ ನೋಡಿದರು. ನಂತರ ಬಟ್ಟಲಿಂದ ತಮ್ಮ ಎಲೆಯ ಅಂಚಿಗೂ ಎರಡು ಹನಿ ಬಿಟ್ಟರು. ನಮ್ಮ ಮನೆಯಲ್ಲಿ ಆ ಕ್ರಮ ಇಲ್ಲ. ನಾನು ನೋಡಿದ್ದೂ ಇಲ್ಲ. ನಿಮ್ಮ ಕಡೆ ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲುವುದನ್ನು ನೀನು ಹೇಳಿದ್ದು ಆಗ ನೆನಪಾಯಿತು.

ಸಾಮತಿಯ ಯಜಮಾನನ ಪಾತ್ರ ನನ್ನದು ಎಂದುಕೊಂಡು ನಾನು ಅವರನ್ನು ಕರೆದಿದ್ದೆ. ಆದರೆ ಊಟ ಮಾಡುವಾಗ ನನ್ನ ತಲೆಯಲ್ಲಿದ್ದದ್ದು ಎಮ್ಮಾವು ಎಂಬ ಹಳ್ಳಿಯ ಕಥೆ. ಪುನರುತ್ಥಾನದ ದಿನ ಇಬ್ಬರು ಶಿಷ್ಯರು ದಾರಿಯಲ್ಲಿ ಸಿಕ್ಕಿದ ಅಪರಿಚಿತನನ್ನು, ಕತ್ತಲಾಯಿತು ಎಂದು ಮನೆಗೆ ಕರೆಯುತ್ತಾರೆ. ಊಟಕ್ಕೆ ಕೂತಾಗ ರೊಟ್ಟಿ ಎತ್ತಿ, ಮುರಿದು, ಹಂಚಿದ್ದು ಮನೆಯವರಲ್ಲ, ಆ ಬಂದವನು. ಅವನೇ ಯೇಸು. ಎಷ್ಟು ಸಲ ಆ ವಾಚನ ಕೇಳಿದ್ದೇನೆ. ಇದನ್ನು ಗಮನಿಸಿರಲಿಲ್ಲ.

ವೊರ್ನ್, ಅಂದರೆ ನಮ್ಮ ಹಬ್ಬದ ಪಾಯಸ, ಮಾತ್ರ ಈ ಸಲ ಯಾರ ಸಹಾಯವೂ ಇಲ್ಲದೆ ಚೆನ್ನಾಗಿ ಬಂತು, ಹೇಳಿಕೊಳ್ಳಲಿಕ್ಕೆ ಬಿಡು. ಅರ್ಧ ಕಿಲೋ ಕಡ್ಲೆಬೇಳೆ, ಎರಡು ತೆಂಗಿನಕಾಯಿ, ಮುಕ್ಕಾಲು ಕಿಲೋ ಬೆಲ್ಲ. ಬೇಳೆ ಬೆಂದ ಮೇಲೆ ತೆಳು ಹಾಲು ಮತ್ತು ಬೆಲ್ಲ, ಕೊನೆಗೆ ದಪ್ಪ ಹಾಲು ಹಾಕಿ ಕುದಿ ಬರುವ ಮುಂಚೆ ಇಳಿಸಬೇಕು. ಇಲ್ಲದಿದ್ದರೆ ಒಡೆಯುತ್ತದೆ. ನಿನಗೆ ಅದು ಎಷ್ಟು ಹಿಡಿಸಿತ್ತೆಂದರೆ ನಮ್ಮ ಟಿಫಿನ್ ಕ್ಯಾರಿಯರಿನ ನಡುವಿನ ಡಬ್ಬಿ ತುಂಬ ಒಯ್ದಿದ್ದೆ. ಆ ಕ್ಯಾರಿಯರು ಎಂಟು ವರ್ಷದಿಂದ ಮೇಲಿನದು, ಕೆಳಗಿನದು ಎರಡೇ ಡಬ್ಬಿಯಲ್ಲಿ ಗಡಗಡ ಎನ್ನುತ್ತಾ ಉಂಟು. ಮೊನ್ನೆ ಶೆಡ್ಡಿನ ಹುಡುಗರಿಗೆ ರಾತ್ರಿಯ ಊಟ ಕಟ್ಟಿಕೊಡುವಾಗ ಅಮ್ಮ ಮತ್ತೆ ನಿನ್ನ ಹೆಸರು ಹಿಡಿದು ಬೈದರು.

ಕಾಳುಗಳನ್ನು ಉಗುರಿನಿಂದ ಸುಲಿದು, ಜಜ್ಜಿ, ಹಾಲಿಗೆ ಹಾಕು. ತಂಗಿಯೂ ಮಕ್ಕಳೂ ಮನೆಯಲ್ಲಿರುವ ದಿನ ನೋಡಿ ಕುಡಿಯಿರಿ. ನಿನ್ನ ಅವ್ವ ಹಂಚಲಿ, ಹಿರಿಯರೇ ಹಂಚಬೇಕು. ಡಿಸೆಂಬರಿನಲ್ಲಿ ರಜೆ ಉಂಟು ಎಂದಿದ್ದೆಯಲ್ಲ, ಬಾ. ಕ್ರಿಸ್ಮಸ್ಸಿನ ಊಟ ನಿನಗಾಗದು, ಆದರೆ ಕುಸ್ವಾರ್, ಅಂದರೆ ಕ್ರಿಸ್ಮಸ್ಸಿನ ತಿಂಡಿಗಳನ್ನು, ತಿನ್ನಬಹುದು, ಅದರಲ್ಲಿನ ಕಿಡಿಯೊ ಮಾಡಲಿಕ್ಕೆ ಕೈಯೂ ಬೇಕು. ಡಬ್ಬಿ ತಾ. ಖಾಲಿ ತರಬಾರದಂತೆ, ಅಮ್ಮ ಹೇಳಿದ್ದಾರೆ. ನಿಮ್ಮ ಕಡೆಯ ಶೇಂಗಾ ಹೋಳಿಗೆ ಅದರಲ್ಲಿ ಎಷ್ಟು ಹಿಡಿಯುತ್ತದೆ ಎಂದೂ ಕೇಳಿದರು.

ನಿನ್ನ,
ಬಂಟ್ವಾಳದವ