ಆಚೆ ಈಚೆ

ಕಳೆದ ವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು, ಏಳು ವರ್ಷದ ಮೇಲೆ. "ಮಗಳು ಸಮುದ್ರದ ಬಣ್ಣ ನೋಡ್ತಾಳೆ" ಅಂತ ಅಮ್ಮ ನೆಂಟರಿಗೆ ಹೇಳುತ್ತಾಳೆ. ನಿಜವೇ. ಉಪಗ್ರಹ ಅಳೆದ ಆ ಬಣ್ಣವನ್ನು ಎಷ್ಟು ನಂಬಬಹುದು ಅನ್ನುವುದೇ ನನ್ನ ಕೆಲಸ.

ಮೊದಲ ಥ್ಯಾಂಕ್ಸ್ ಮಲ್ಪೆಯಲ್ಲಿ ಬೋಟು ನಡೆಸುವ ತಾಂಡೇಲಣ್ಣನಿಗೆ. ಮೊದಲ ದಿನ ಬೋಟಿನಲ್ಲಿ "ಇಲ್ಲಿ ಆಳ ಎಷ್ಟಣ್ಣ?" ಅಂದೆ. "ಹತ್ತು ಮಾರು. ಅರ್ಧ ಮಾರು ಆಚೆ ಈಚೆ." ಆ ಅರ್ಧ ಮಾರನ್ನು ಬಣ್ಣಕ್ಕೆ ಲೆಕ್ಕ ಹಾಕಲು ನನಗೆ ಇಷ್ಟು ವರ್ಷ ಬೇಕಾಯಿತು. ಉಪಗ್ರಹಕ್ಕೆ ಮುಟ್ಟುವ ನೀಲಿ ಬೆಳಕಿನಲ್ಲಿ ಸುಮಾರು ಶೇ 90 ಗಾಳಿ ಚದುರಿಸಿದ್ದು, ನೀರೊಳಗಿಂದ ಬಂದದ್ದು ಶೇ 10. ಮೇಲೆ ಶೇ 1 ತಪ್ಪಿದರೆ ನೀರಿನ ಲೆಕ್ಕದಲ್ಲಿ ಶೇ 10 ತಪ್ಪುತ್ತದೆ. ನಮ್ಮ ದಡದಲ್ಲಂತೂ ಬಣ್ಣ ನೋಡಿ ನೀರಿನ ಪಾಚಿ ಲೆಕ್ಕ ಹಾಕುವ ಸೂತ್ರ ಹೊಳೆ ತಂದ ಕೆಸರನ್ನೂ ಪಾಚಿ ಅಂದುಕೊಳ್ಳುತ್ತದೆ. ಕಡಲು ಹಸಿರಾಗುವ ಮಳೆಗಾಲದಲ್ಲೇ ಮೋಡ, ಜೂನ್-ಜುಲೈಯಲ್ಲಿ ಬೋಟಿಗೂ ರಜೆ.

ಎರಡನೇ ವರ್ಷ ಬೋಟಿನಿಂದ ಹದಿನಾಲ್ಕು ಕಡೆ ತೆಗೆದ ಬಣ್ಣದ ಅಳತೆ ಉಪಗ್ರಹದ್ದಕ್ಕೆ ತಾಳೆಯಾಗಲಿಲ್ಲ. ತಿಂಗಳಿಡೀ ಉಪಗ್ರಹವನ್ನೇ ಬೈದೆ. ಕಡೆಗೆ ತಾಂಡೇಲಣ್ಣನೇ ಹೇಳಿದರು, "ನಿಮ್ಮ ಮಿಷಿನ್ ನೀರು ನೋಡ್ತಿಲ್ಲ ಅಕ್ಕ, ನಮ್ಮ ಹೊಸ ಪೇಂಟ್ ನೋಡ್ತಿದೆ." ಬೋಟಿನ ಬಿಳಿ ಬಣ್ಣ ನೀರಲ್ಲಿ ಹೊಳೆಯುತ್ತಿತ್ತು! ಆಮೇಲೆ ಸೆನ್ಸರನ್ನು ಮುಂಭಾಗದ ತುದಿಗೆ ಕಟ್ಟಿದೆವು. ಸೂರ್ಯನಿಂದ 135 ಡಿಗ್ರಿ ಪಕ್ಕಕ್ಕೆ ತಿರುಗಿಸಿ ನೋಡಬೇಕು ಅನ್ನುವುದು ಅವರಿಗೆ ನನಗಿಂತ ಬೇಗ ಬಾಯಿಪಾಠವಾಯಿತು. ಮಧ್ಯಾಹ್ನ ಉಪಗ್ರಹ ಬರುವ ಹೊತ್ತಿಗೆ ನಾನು ಕೇಳುವ ಮೊದಲೇ ಇಂಜಿನ್ ಬಂದ್.

ಗೈಡ್ ಮೇಡಂಗೆ ನಮಸ್ಕಾರ. ನನ್ನ ಎಲ್ಲ ಗ್ರಾಫ್‌ಗಳೂ "± ಎಲ್ಲಿ?" (ಅಂದರೆ, ಆಚೆ ಈಚೆ ಎಷ್ಟು?) ಎಂಬ ಕೆಂಪು ಬರಹ ಹೊತ್ತೇ ವಾಪಸ್ ಬರುತ್ತಿದ್ದವು. ಆಗ ಕೋಪ ಬಂದದ್ದೂ ಹೌದು. ನೀರಿನ ಪಾಚಿ ಸೋಸಿದ ಫಿಲ್ಟರ್ ಪೇಪರ್‌ಗಳನ್ನು ದ್ರವ ಸಾರಜನಕದ ಕ್ಯಾನಿನಲ್ಲಿಟ್ಟು ಬಸ್ಸಿನಿಂದ ಬಸ್ಸಿಗೆ ಹತ್ತಿಸಿದ ಲ್ಯಾಬಿನ ಅಣ್ಣನಿಗೂ, ಹವಾಯಿಯ ಲಾನೈ ದ್ವೀಪದ ಬಳಿ 1997ರಿಂದ ಉಪಗ್ರಹಗಳಿಗೆ ಒರೆಗಲ್ಲಾಗಿರುವ 'ಮೋಬಿ' ತೇಲುಬುರುಡೆಯ ಗಾಜು ಒರೆಸಲು ನೀರಿಗಿಳಿಯುವ, ನಾನು ಎಂದೂ ಕಾಣದ ಮುಳುಗುಗಾರರಿಗೂ ಋಣಿ.

ಮೊನ್ನೆ ಸ್ವೀಟ್ ಬಾಕ್ಸ್ ಹಿಡಿದು ಮಲ್ಪೆಗೆ ಹೋಗಿದ್ದೆ. "ಕಡೆಗೆ ಎಷ್ಟು ಆಚೆ ಈಚೆ ಬಂತು?" ಅಂದರು ತಾಂಡೇಲಣ್ಣ.

"ದೂರದ ನೀಲಿ ನೀರಲ್ಲಿ ಪರವಾಗಿಲ್ಲ ಅಣ್ಣ. ಅಳಿವೆ ಬಾಗಿಲಲ್ಲಿ ಇನ್ನೂ ಧೈರ್ಯವಾಗಿ ಹೇಳೋ ಹಾಗಿಲ್ಲ."

"ಅಲ್ಲಿ ನಮಗೂ ಹಾಗೇ," ಅಂದರು, ಲಾಡು ಮುರಿಯುತ್ತಾ.